ಮ್ಯಾಗ್ನೆಟೈಟ್ ಪುಡಿ 11 ನ್ಯಾನೋಮೀಟರ್ ಇದ್ದರೂ ಲೂಪ್ ಯಾಕೆ ಮುಚ್ಚುತ್ತಿಲ್ಲ?

ಗಂಗೋತ್ರಿ_ಎಂಎಸ್ಸಿ (ಮೈಸೂರು):
ಕೋ-ಪ್ರೆಸಿಪಿಟೇಶನ್‌ನಲ್ಲಿ (ಕಬ್ಬಿಣದ ಎರಡು ಲವಣಗಳನ್ನು ಒಟ್ಟಿಗೆ ಅವಕ್ಷೇಪಿಸಿ) ಮಾಡಿದ ಮ್ಯಾಗ್ನೆಟೈಟ್, ಅಂದರೆ ಕಾಂತೀಯ ಕಬ್ಬಿಣದ ಆಕ್ಸೈಡ್. ಎಕ್ಸ್‌ಆರ್‌ಡಿಯ (ಎಕ್ಸ್-ರೇ ವಿವರ್ತನೆ) 311 ಪೀಕ್‌ಗೆ, ಪೀಕ್‌ನ ಅಗಲದಿಂದ ಹರಳಿನ ಗಾತ್ರ ಕೊಡುವ ಶೆರರ್ ಸೂತ್ರ ಹಾಕಿದರೆ 11 ನ್ಯಾನೋಮೀಟರ್. ಅಂದಮೇಲೆ ಸೂಪರ್‌ಪ್ಯಾರಾಮ್ಯಾಗ್ನೆಟಿಕ್ (ಹೊರಗಿನ ಕ್ಷೇತ್ರ ತೆಗೆದರೆ ಕಾಂತತೆ ಉಳಿಯದ, ಲೂಪ್ ಮುಚ್ಚಿದ ಸ್ಥಿತಿ) ಆಗಿರಬೇಕಲ್ಲ? ವಿಎಸ್‌ಎಂನಲ್ಲಿ (ಕಾಂತತೆ ಅಳೆಯುವ ಯಂತ್ರ) ಕೊಯರ್ಸಿವಿಟಿ, ಅಂದರೆ ಕಾಂತತೆಯನ್ನು ಸೊನ್ನೆಗೆ ತರಲು ಬೇಕಾದ ಎದುರು ಕ್ಷೇತ್ರ, 18 ಓರ್ಸ್ಟೆಡ್ ತೋರಿಸುತ್ತಿದೆ, ಸ್ಯಾಚುರೇಶನ್ (ಗರಿಷ್ಠ ಕಾಂತತೆ) ಬರೀ 48 ಇಎಂಯು/ಗ್ರಾಂ. ಓವನ್‌ನಲ್ಲಿ 100 ಡಿಗ್ರಿಗೆ ರಾತ್ರಿಯಿಡೀ ಒಣಗಿಸಿದ್ದು. ಬೆಳಿಗ್ಗೆ ನೋಡಿದರೆ ಕಾಫಿಪುಡಿ ಬಣ್ಣ. ತಪ್ಪು ಎಲ್ಲಿ?

ಲೂಪ್‌ರಾಯ:
ಮೊದಲು 18 ಓರ್ಸ್ಟೆಡ್ ಪುಡಿಯದೋ ಯಂತ್ರದ್ದೋ ನೋಡಿ. ಪಲ್ಲಾಡಿಯಂ ತುಂಡಿಟ್ಟು ಅದೇ ವೇಗದಲ್ಲಿ ಓಡಿಸಿ. ಅದು ಪ್ಯಾರಾಮ್ಯಾಗ್ನೆಟ್, ಅದರಲ್ಲೂ ಲೂಪ್ ತೆರೆದರೆ ದೋಷ ಕಾಂತಕ್ಷೇತ್ರದ ಅಳತೆಯಲ್ಲಿದೆ. ಆಮೇಲೆ ±200 ಓರ್ಸ್ಟೆಡ್ ಒಳಗೆ 2ರ ಹೆಜ್ಜೆಯಲ್ಲಿ ನಿಧಾನವಾಗಿ ಅಳೆಯಿರಿ.

ಪುಡಿಯದೇ ಆದರೆ ಕಾರಣ ಗಾತ್ರದ ಹರಡಿಕೆ. ವಿಎಸ್‌ಎಂ ಒಂದು ಬಿಂದುವಿಗೆ ನೂರು ಸೆಕೆಂಡ್ ತೆಗೆದುಕೊಂಡಿತು ಅಂತಿಟ್ಟುಕೊಂಡರೆ ಕೆವಿ = 25 ಕೆಟಿ ಗಡಿ (ಕೆ ಅಂದರೆ ಅನೈಸೋಟ್ರಪಿ, ಕಾಂತತೆಯನ್ನು ಒಂದೇ ದಿಕ್ಕಿಗೆ ಹಿಡಿದಿಡುವ ಗುಣ; ವಿ ಕಣದ ಘನಗಾತ್ರ; ಕೆಟಿ ಉಷ್ಣಶಕ್ತಿ). ಅದನ್ನು ದಾಟಿದ ದೊಡ್ಡ ಕಣ ಲೂಪ್ ತೆರೆಯುತ್ತದೆ. ಬಲ್ಕ್ ಅನೈಸೋಟ್ರಪಿ ಹಾಕಿದರೆ ಅದು ಸುಮಾರು 25 ನ್ಯಾನೋಮೀಟರ್. ಆದರೆ ನ್ಯಾನೋ ಕಣಗಳಲ್ಲಿ ಪರಿಣಾಮಕಾರಿ ಅನೈಸೋಟ್ರಪಿ ಹೆಚ್ಚಿರುವುದುಂಟು; ಎರಡೂವರೆ ಪಟ್ಟು ಆಯಿತೆಂದರೆ ಗಡಿ 19ಕ್ಕೇ ಇಳಿಯುತ್ತದೆ. ಶೆರರ್ ಕೊಡುವುದು ಸರಾಸರಿ. ಬಾಲದಲ್ಲಿ 20 ದಾಟಿದ ನಾಲ್ಕು ಕಣ ಇದ್ದರೂ ಸಾಕು, ಲೂಪ್ ತೆರೆಯಲು. ಒಣಪುಡಿ ಗಂಟುಕಟ್ಟಿದರೂ ಹಾಗೆಯೇ. ಕರಗಿಸಿದ ಮೇಣದಲ್ಲಿ ಶೇ. 1ರಷ್ಟು ಬೆರೆಸಿ, ಗಟ್ಟಿಯಾದ ಮೇಲೆ ಅಳೆಯಿರಿ. ಕೊಯರ್ಸಿವಿಟಿ ಇಳಿದರೆ ಕಣಗಳ ಪರಸ್ಪರ ಸೆಳೆತವೇ ಕಾರಣ. ಕಪ್‌ನಲ್ಲಿ ಪುಡಿ ಅಲ್ಲಾಡದಂತೆ ಮೇಣ ಹಿಡಿದುಕೊಳ್ಳುವುದೂ ಲಾಭವೇ.

ಕರಿಪುಡಿ_ಮಂಡ್ಯ:
48 ಯಾಕೆ ಅನ್ನುವುದನ್ನು ನಿಮ್ಮ ಕಾಫಿಪುಡಿ ಬಣ್ಣವೇ ಹೇಳುತ್ತಿದೆ. ಬಲ್ಕ್ ಮ್ಯಾಗ್ನೆಟೈಟ್ 92, ಅದು ಗಾಳಿಯಲ್ಲಿ ಉತ್ಕರ್ಷಿಸಿ ಆಗುವ ಕಂದು ಮ್ಯಾಗ್ಹೆಮೈಟ್ 75–80 ಇಎಂಯು/ಗ್ರಾಂ. ಗಾಳಿಯಲ್ಲಿ 100 ಡಿಗ್ರಿಗೆ ಇಷ್ಟು ಸಣ್ಣ ಕಣ ಕಪ್ಪಾಗಿ ಉಳಿಯುವುದಿಲ್ಲ. ಕೊನೆಗೆ ಅಸಿಟೋನ್‌ನಲ್ಲಿ ತೊಳೆದು ನಿರ್ವಾತದಲ್ಲಿ 50–60 ಡಿಗ್ರಿಗೆ ಒಣಗಿಸಿ.

ಮೇಲ್ಮೈಯ ಅರ್ಧ ನ್ಯಾನೋಮೀಟರ್ ಪದರದಲ್ಲಿ ಸ್ಪಿನ್‌ಗಳು ಅಡ್ಡಾದಿಡ್ಡಿ ಇದ್ದರೆ 11ರ ಕಣದಲ್ಲಿ ಸುಮಾರು ಶೇ. 25 ಹೋಯಿತು. ಉಳಿದದ್ದು ತೂಕದ ಮೋಸ: ನೀರು, ಅಮೋನಿಯಂ ಕ್ಲೋರೈಡ್, ಲೇಪನ ಇದ್ದರೆ ಅದೂ. ಟಿಜಿಎ (ಬಿಸಿ ಮಾಡುತ್ತಾ ತೂಕದ ಇಳಿಕೆ ಅಳೆಯುವುದು) ಇಲ್ಲದೆ ಆ ಅಂಕಿ ಥೀಸಿಸ್‌ಗೆ ಹಾಕಬೇಡಿ.

ಅಳತೆ: 100 ಎಂಎಲ್ ನೀರಿಗೆ 5.41 ಗ್ರಾಂ ಫೆರಿಕ್ ಕ್ಲೋರೈಡ್ ಹೆಕ್ಸಾಹೈಡ್ರೇಟ್, 1.99 ಗ್ರಾಂ ಫೆರಸ್ ಕ್ಲೋರೈಡ್ ಟೆಟ್ರಾಹೈಡ್ರೇಟ್. ಉಪ್ಪು ಹಾಕುವ ಮೊದಲೇ ನೀರಿಗೆ ಅರ್ಧ ಗಂಟೆ ನೈಟ್ರೋಜನ್ ಬಿಡಿ. 75 ಡಿಗ್ರಿಯಲ್ಲಿ ಶೇ. 25ರ ಅಮೋನಿಯಾ 20 ಎಂಎಲ್ ಒಮ್ಮೆಗೇ ಸುರಿಯಿರಿ. ಫೆರಸ್ ಬಾಟಲಿಯ ಬಾಯಲ್ಲಿ ಹಸಿರು ಹರಳಿಗೆ ಹಳದಿ ಹತ್ತಿದ್ದರೆ ಫೆರಿಕ್-ಫೆರಸ್ 2:1 ಅನುಪಾತ ಆಗಲೇ ಕೆಟ್ಟಿದೆ, ಹೊಸ ಬಾಟಲಿ ತೆಗೆಯಿರಿ. ತೊಳೆಯಲು ಡಿಸ್ಟಿಲ್ಡ್ ನೀರೇ ಬೇಕು. ನಮ್ಮ ಕಡೆಯ ಬೋರ್ ನೀರು ಕೊಟ್ಟರೆ ಸುಣ್ಣವೂ ಪುಡಿಯಲ್ಲಿ ಕೂರುತ್ತದೆ.

ಗಂಗೋತ್ರಿ_ಎಂಎಸ್ಸಿ:
ಮ್ಯಾಗ್ಹೆಮೈಟ್ ಆಗಿದೆ ಅಂತ ಎಕ್ಸ್‌ಆರ್‌ಡಿಯಲ್ಲೇ ತೋರಿಸಬಹುದಾ?

ಲೂಪ್‌ರಾಯ:
ಕಷ್ಟ. 440 ಪೀಕ್ ಮ್ಯಾಗ್ನೆಟೈಟ್‌ನಲ್ಲಿ 62.5 ಡಿಗ್ರಿ, ಮ್ಯಾಗ್ಹೆಮೈಟ್‌ನಲ್ಲಿ 62.9. ನಿಮ್ಮ ಪೀಕ್‌ನ ಅಗಲವೇ ಹತ್ತಿರ ಹತ್ತಿರ 0.85! ಮಾಸ್‌ಬವರ್ (ಕಬ್ಬಿಣದ ಸ್ಥಿತಿ ಹೇಳುವ ಗಾಮಾ ಕಿರಣ ಪರೀಕ್ಷೆ) ಸಿಗದಿದ್ದರೆ ಟೈಟ್ರೇಶನ್ ಮಾಡಿ. 0.2 ಗ್ರಾಂ ಪುಡಿಯನ್ನು ನೈಟ್ರೋಜನ್ ಅಡಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, 0.1 ನಾರ್ಮಲ್ ಡೈಕ್ರೋಮೇಟ್ ಬಿಡಿ; ಅದನ್ನು ಕುಡಿಯುವುದು ಫೆರಸ್ ಕಬ್ಬಿಣ ಮಾತ್ರ. ಶುದ್ಧ ಮ್ಯಾಗ್ನೆಟೈಟ್ 8.6 ಎಂಎಲ್ ಕುಡಿಯುತ್ತದೆ, ಮ್ಯಾಗ್ಹೆಮೈಟ್ ಒಂದು ಹನಿಯನ್ನೂ ಕೇಳುವುದಿಲ್ಲ.