ಗೋಡೆಯ ಪಿಟ್ಯಾಕ್‌ನಿಂದ ತಣ್ಣನೆ ಗಾಳಿ: ಟೆಕ್ನಿಷಿಯನ್ ಕರೆಯುವ ಮುಂಚೆ ಏನೇನು ನೋಡಲಿ?

ಹಾಸನದವಳು (ಕ್ವೀನ್ಸ್, ನ್ಯೂಯಾರ್ಕ್)

ಎಲ್ಲರಿಗೂ ನಮಸ್ಕಾರ. ನಮ್ಮದು ಬಾಡಿಗೆ ಮನೆ. ಹಾಲ್ ಕಿಟಕಿಯ ಕೆಳಗೆ ಗೋಡೆ ಕೊರೆದು ಕೂರಿಸಿರುವ ಯೂನಿಟ್ ಇದೆ. ಬೇಸಿಗೆಗೆ ಏಸಿ, ಚಳಿಗೆ ಹೀಟರ್, ಎರಡೂ ಅದೇ. ಇಲ್ಲಿನವರು ಪಿಟ್ಯಾಕ್ ಅಂತಾರೆ. ಮೊನ್ನೆಯಿಂದ ಹೀಟ್‌ಗೆ ಹಾಕಿದರೆ ಫ್ಯಾನ್ ಜೋರಾಗಿಯೇ ತಿರುಗುತ್ತದೆ, ಗಾಳಿ ಮಾತ್ರ ತಣ್ಣಗೆ. 72 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟರೂ ರೂಮು 63 ದಾಟುತ್ತಿಲ್ಲ. ಆಗಾಗ ಒಳಗೆ ‘ಟಕ್’ ಅನ್ನುತ್ತದೆ, ಒಂದು ನಿಮಿಷ ಸ್ವಲ್ಪ ಬೆಚ್ಚಗಿನ ಗಾಳಿ ಬರುತ್ತದೆ, ಮತ್ತೆ ‘ಟಕ್’, ಮತ್ತೆ ತಣ್ಣಗೆ.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಅಪ್ಪ ಮನೆಯೊಳಗೇ ಮಂಕಿ ಕ್ಯಾಪ್ ಹಾಕಿಕೊಂಡು ಕೂತಿದ್ದಾರೆ. ಅಮ್ಮ ಅಡುಗೆಮನೆ ಬಿಟ್ಟು ಈಚೆ ಬರುತ್ತಿಲ್ಲ, ಒಲೆ ಹತ್ತಿರ ಬೆಚ್ಚಗಿದೆಯಂತೆ. ಬಿಲ್ಡಿಂಗ್ ಸೂಪರ್‌ಗೆ (ಕಟ್ಟಡ ನೋಡಿಕೊಳ್ಳುವವನಿಗೆ) ಹೇಳಿದರೆ ‘ಸೋಮವಾರ ನೋಡ್ತೀನಿ’ ಅಂದ. ಇವತ್ತಿನ್ನೂ ಶುಕ್ರವಾರ. ಹೊರಗಿನ ಟೆಕ್ನಿಷಿಯನ್ ಬಂದು ಬಾಗಿಲು ತಟ್ಟಿದ್ದಕ್ಕೇ ದುಡ್ಡು ಕೇಳುತ್ತಾನೆ. ಅದಕ್ಕೆ ಮುಂಚೆ ನಾನೇ ಏನಾದರೂ ನೋಡಬಹುದಾ?

ಬ್ರೂಕ್ಲಿನ್ ಭಟ್ಟ

ಮೊದಲು, ಕೈಯಿಂದ ದುಡ್ಡು ಕೊಟ್ಟು ಯಾರನ್ನೂ ಕರೆಸಬೇಡಿ. ಯೂನಿಟ್ ಮಾಲೀಕರದ್ದು. ನ್ಯೂಯಾರ್ಕ್ ಸಿಟಿಯಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ ಮನೆ ಬೆಚ್ಚಗಿಡುವುದು ಅವರ ಜವಾಬ್ದಾರಿ. ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ, ಹೊರಗೆ 55 ಡಿಗ್ರಿಗಿಂತ ಕಮ್ಮಿ ಇದ್ದರೆ, ಒಳಗೆ 68 ಇರಲೇಬೇಕು. ರಾತ್ರಿ 62 ಇದ್ದರೆ ಸಾಕು. ಹಗಲು ನಿಮ್ಮ 63 ಸಾಲದು. ಥರ್ಮಾಮೀಟರ್ ಫೋಟೊ ಟೈಮ್ ಸಮೇತ ಇಟ್ಟುಕೊಳ್ಳಿ. ಸೂಪರ್ ಎಳೆದಾಡಿದರೆ ಸಿಟಿಯ ದೂರು ನಂಬರ್ 311ಕ್ಕೆ ಫೋನ್ ಮಾಡಿ. ಮಷೀನಿನ ವಿಷಯ ನನಗೆ ಗೊತ್ತಾಗಲ್ಲ, ರಂಗಣ್ಣ ಬರಲಿ.

ರಿಪೇರಿ ರಂಗಣ್ಣ (ಓಹಾಯೊ)

ಬಂದೆ. ನಾನು ಹೋಟೆಲ್ ಮೇಂಟೆನೆನ್ಸ್‌ನಲ್ಲಿದ್ದೇನೆ, ಪ್ರತಿ ರೂಮಿನಲ್ಲೂ ಇದೇ ಪಿಟ್ಯಾಕ್. ‘ಹೀಟ್ ಬರ್ತಿಲ್ಲ’ ಅಂತ ಫೋನ್ ಬಂದಾಗ ಎಷ್ಟೋ ಸಲ ಟೂಲ್ ಬಾಕ್ಸ್ ತೆರೆಯುವ ಪ್ರಮೇಯವೇ ಇರುವುದಿಲ್ಲ. ಯೂನಿಟ್ ಮುಂದೆ ಸೂಟ್‌ಕೇಸ್ ಇಟ್ಟಿರುತ್ತಾರೆ, ಇಲ್ಲವೇ ಪರದೆ ಗಾಳಿ ಬರುವ ಜಾಗದ ಮೇಲೆ ಬಿದ್ದಿರುತ್ತದೆ. ನಿಮ್ಮ ಸೋಫಾ ಎಲ್ಲಿದೆ ಒಮ್ಮೆ ನೋಡಿ.

ಇನ್ನೊಂದು. ಯೂನಿಟ್ ಪಕ್ಕದಲ್ಲಿ ವಾಲ್ವ್ ಇರುವ ಪೈಪ್ ಏನಾದರೂ ಬಂದಿದೆಯಾ? ನ್ಯೂಯಾರ್ಕಿನ ಕೆಲವು ಬಿಲ್ಡಿಂಗ್‌ಗಳಲ್ಲಿ ಬಿಸಿ ಬರುವುದು ಕೆಳಗಿನ ಬಾಯ್ಲರ್‌ನಿಂದ. ಹಾಗಿದ್ದರೆ ನಿಮ್ಮ ಮನೆಯಲ್ಲಿ ಹುಡುಕಿ ಪ್ರಯೋಜನವಿಲ್ಲ, ಪಕ್ಕದ ಮನೆಯವರನ್ನು ಕೇಳಿ. ಪೈಪ್ ಇಲ್ಲದಿದ್ದರೆ ಎಲ್ಲವೂ ಕರೆಂಟ್‌ದೇ.

ಫ್ಯಾನ್ ತಿರುಗುತ್ತಿದೆ ಅಂದಮೇಲೆ ಪ್ಲಗ್, ಬ್ರೇಕರ್ ಸರಿಯಿದೆ, ಅದು ಬಿಡಿ. (ಯೂನಿಟ್ಟೇ ಸತ್ತು ಮಲಗಿರುವವರು ಇದನ್ನು ಓದುತ್ತಿದ್ದರೆ: ಪ್ಲಗ್‌ನ ದಪ್ಪ ತಲೆಯ ಮೇಲೆ ರೀಸೆಟ್ ಬಟನ್ ಇರುತ್ತದೆ, ಅದನ್ನು ಒತ್ತಿ. ಬ್ರೇಕರ್ ಬಿದ್ದಿದ್ದರೆ ಪೂರ್ತಿ ಆಫ್ ಮಾಡಿ ಒಂದೇ ಒಂದು ಸಲ ಆನ್ ಮಾಡಿ. ಮತ್ತೆ ಬಿದ್ದರೆ ಕೈ ಹಾಕಬೇಡಿ.)

ನನಗೆ ಅನುಮಾನ ಆ ‘ಟಕ್’ ಮೇಲೆ. ಒಳಗಿನ ಹೀಟರ್ ಕಾಯಿಲ್ ಆನ್ ಆಗುತ್ತಿದೆ, ಗಾಳಿ ಸಾಲದೆ ಜಾಸ್ತಿ ಕಾದು ಸೇಫ್ಟಿ ಸ್ವಿಚ್ ಅದನ್ನು ಆಫ್ ಮಾಡುತ್ತಿದೆ. ಇದಕ್ಕೆ ಮೊದಲ ಕಾರಣ ಫಿಲ್ಟರ್. ಆಫ್ ಮಾಡಿ, ಪ್ಲಗ್ ತೆಗೆಯಿರಿ. ಫಿಲ್ಟರ್ ಕೆಲವದರಲ್ಲಿ ಮೇಲಿನಿಂದಲೇ ಎಳೆದರೆ ಬರುತ್ತದೆ, ಕೆಲವದರಲ್ಲಿ ಮುಂದಿನ ಮುಚ್ಚಳ ತೆಗೆಯಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಒದ್ದೆಯದನ್ನು ಹಾಕಬೇಡಿ.

ಮುಚ್ಚಳ ತೆಗೆದಿದ್ದಾಗಲೇ ‘ವೆಂಟ್’ ಅಂತ ಬರೆದಿರುವ ಸಣ್ಣ ಲಿವರ್ ಹುಡುಕಿ. ಅದು ತೆರೆದಿದ್ದರೆ ಬೀದಿಯ ಗಾಳಿ ನೇರ ಒಳಗೆ. ಚಳಿಗಾಲದಲ್ಲಿ ಮುಚ್ಚಿರಬೇಕು. ಜೊತೆಗೆ ಫ್ಯಾನ್ ‘ಆನ್’ನಲ್ಲಿದ್ದರೆ ‘ಆಟೋ’ಗೆ ಹಾಕಿ. ಇಲ್ಲದಿದ್ದರೆ ಹೀಟರ್ ನಿಂತಾಗಲೂ ಫ್ಯಾನ್ ಸುಮ್ನೆ ತಣ್ಣನೆ ಗಾಳಿ ಊದುತ್ತಿರುತ್ತದೆ.

ಇಷ್ಟಕ್ಕೆ ನಿಲ್ಲಿಸಿ. ಒಳಗಿನ ಕಂಟ್ರೋಲ್ ಬಾಕ್ಸ್ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ (ಮೋಟಾರ್ ಏಳಿಸಲು ಕರೆಂಟ್ ಕೂಡಿಡುವ ಪಾರ್ಟ್) ಕರೆಂಟ್ ಉಳಿದಿರುತ್ತದೆ.

ಹಾಸನದವಳು

ರಂಗಣ್ಣ, ಪೈಪ್ ಇಲ್ಲ. ಸೋಫಾ ದೂರ ಇದೆ. ಫಿಲ್ಟರ್ ಎರಡಿದ್ದವು, ಎರಡರ ಮೇಲೂ ಕಂಬಳಿ ಹೊದಿಸಿದಂತೆ ಬೂದು ಧೂಳು. ಬೆರಳಿನಿಂದ ಒಂದು ಮೂಲೆ ಎತ್ತಿದರೆ ಪೂರ್ತಿ ಪದರ ಸುತ್ತಿಕೊಂಡು ಎದ್ದು ಬಂತು. ನಮಗಿಂತ ಹಿಂದೆ ಇದ್ದವರ ಬೆಕ್ಕಿನ ಕೂದಲೂ ಅದರಲ್ಲಿತ್ತು. ಅಮ್ಮ ನನಗಿಂತ ಜೋರಾಗಿ ತೊಳೆದರು. ವೆಂಟ್ ಲಿವರ್ ಅರ್ಧ ತೆರೆದಿತ್ತು, ಮುಚ್ಚಿದೆ.

ರಾತ್ರಿ ಆನ್ ಮಾಡಿದೆ. ಮೊದಲು ಸುಟ್ಟ ವಾಸನೆ ಬಂತು, ಸ್ವಲ್ಪ ಹೊತ್ತಿಗೆ ಹೋಯಿತು. ಹೊರಗೆ 28 ಇದ್ದರೂ ಒಳಗೆ 70ಕ್ಕೆ ಏರಿತು! ಆದರೆ ಇವತ್ತು ಮಧ್ಯಾಹ್ನ ಬಿಸಿಲು ಬಂದು ಹೊರಗೆ 46 ಆಗಿದೆ, ಈಗ ಮತ್ತೆ ತಣ್ಣನೆ ಗಾಳಿ. ಒಳಗೆ ‘ಗುಂಯ್’ ಅಂದು ನಿಂತುಹೋಗುತ್ತದೆ. ಚಳಿ ಜಾಸ್ತಿ ಇದ್ದಾಗ ಬಿಸಿ, ಕಮ್ಮಿ ಆದಾಗ ತಣ್ಣಗೆ. ಇದೆಂಥಾ ವಿಚಿತ್ರ?

ರಿಪೇರಿ ರಂಗಣ್ಣ

ವಿಚಿತ್ರ ಅಲ್ಲ, ರೋಗವನ್ನು ಅದೇ ಬಾಯಿಬಿಟ್ಟು ಹೇಳುತ್ತಿದೆ. ಸುಟ್ಟ ವಾಸನೆ ಹೀಟರ್ ಮೇಲಿನ ಧೂಳಿನದು, ಹೋಯಿತಲ್ಲ, ಚಿಂತೆಯಿಲ್ಲ. ಹೋಗದೇ ಇದ್ದಿದ್ದರೆ ಪ್ಲಗ್ ತೆಗೆಯಿರಿ ಅನ್ನುತ್ತಿದ್ದೆ.

ನಿಮ್ಮದು ಹೀಟ್ ಪಂಪ್ ಇರುವ ಯೂನಿಟ್. ಏಸಿಯನ್ನೇ ತಿರುಗಿಸಿ ಓಡಿಸುತ್ತದೆ, ಹೊರಗಿನ ಗಾಳಿಯ ಬಿಸಿಯನ್ನು ಎಳೆದು ಒಳಗೆ ತರುತ್ತದೆ. ಅದಕ್ಕೆ ಕಂಪ್ರೆಸರ್ ಬೇಕು. ಹೊರಗೆ ತೀರಾ ಚಳಿಯಾದರೆ, ಹೆಚ್ಚಿನವು 35–40 ಡಿಗ್ರಿ ಹತ್ತಿರ ಬಂದಾಗ, ಕಂಪ್ರೆಸರ್ ಬಿಟ್ಟು ಬರೀ ಕರೆಂಟ್ ಹೀಟರ್‌ಗೆ ಬದಲಾಗುತ್ತವೆ. ರಾತ್ರಿ ನಿಮಗೆ ಬಿಸಿ ಕೊಟ್ಟಿದ್ದು ಈ ಹೀಟರ್. ಮಧ್ಯಾಹ್ನ ಕಂಪ್ರೆಸರ್ ಸರದಿ, ಅದು ಏಳುತ್ತಿಲ್ಲ. ‘ಗುಂಯ್’ ಅಂದು ನಿಲ್ಲುವುದು ಕೆಪಾಸಿಟರ್ ಹೋಗಿರಬಹುದು, ಇಲ್ಲಾ ಕಂಪ್ರೆಸರ್ರೇ ಜಾಮ್ ಆಗಿರಬಹುದು. ಕೆಪಾಸಿಟರ್ ಆಗಲಿ ಅಂತ ಹಾರೈಸಿ, ಅದು ಸಣ್ಣ ಪಾರ್ಟ್. ಎರಡೂ ನೀವು ಮುಟ್ಟುವಂಥದ್ದಲ್ಲ.

ಸೂಪರ್‌ಗೆ ‘ಹೀಟ್ ಇಲ್ಲ’ ಅಂದರೆ ಸೋಮವಾರ ಅನ್ನುತ್ತಾನೆ. ‘ಕಂಪ್ರೆಸರ್ ಸ್ಟಾರ್ಟ್ ಆಗುತ್ತಿಲ್ಲ, ಸ್ಟ್ರಿಪ್ ಹೀಟರ್ ಸರಿಯಿದೆ, ಫಿಲ್ಟರ್ ತೊಳೆದಿದೆ’ ಅಂತ ಮೆಸೇಜ್ ಹಾಕಿ (ಸ್ಟ್ರಿಪ್ ಹೀಟರ್ ಅಂದರೆ ಆ ಕರೆಂಟ್ ಹೀಟರ್ರೇ), ಮುಚ್ಚಳದ ಹಿಂದಿರುವ ಮಾಡೆಲ್ ಪ್ಲೇಟ್ ಫೋಟೊ ಸೇರಿಸಿ. ಅಲ್ಲಿವರೆಗೆ ಸೆಟ್ಟಿಂಗ್‌ನಲ್ಲಿ ‘ಎಮರ್ಜೆನ್ಸಿ ಹೀಟ್’ ಇದೆಯಾ ನೋಡಿ. ಇದ್ದರೆ ಹಗಲೂ ಕರೆಂಟ್ ಹೀಟರ್ರೇ ಓಡುತ್ತದೆ. ಬಿಲ್ ಏರುತ್ತದೆ, ಅಪ್ಪನ ಟೋಪಿ ಇಳಿಯುತ್ತದೆ. ಅಮ್ಮನಿಗೆ ಮಾತ್ರ ಹೇಳಿ, ಮನೆ ಬಿಸಿ ಮಾಡೋಕೆ ಗ್ಯಾಸ್ ಒಲೆ ಹಚ್ಚಿಡಬಾರದು. ಕಾರ್ಬನ್ ಮಾನಾಕ್ಸೈಡ್ ತಮಾಷೆಯಲ್ಲ.

ಹಾಸನದವಳು

ಎಮರ್ಜೆನ್ಸಿ ಹೀಟ್ ಸಿಕ್ಕಿತು, ಈಗ 69. ಮೆಸೇಜ್ ಕಳಿಸಿದ ಹತ್ತೇ ನಿಮಿಷಕ್ಕೆ ಸೂಪರ್ ಫೋನ್ ಮಾಡಿದ. ಖಾಲಿ ಮನೆಯಲ್ಲಿ ಇನ್ನೊಂದು ಯೂನಿಟ್ ಇದೆಯಂತೆ, ನಾಳೆ ಬೆಳಗ್ಗೆ ಬದಲಾಯಿಸುತ್ತಾನಂತೆ. ಅಷ್ಟು ಸುಲಭವಾ?

ರಿಪೇರಿ ರಂಗಣ್ಣ

ಸುಲಭವೇ. ಗೋಡೆಯೊಳಗಿನ ತಗಡಿನ ಪೆಟ್ಟಿಗೆ ಹೆಚ್ಚಿನ ಕಡೆ 42 ಇಂಚು ಅಗಲ, 16 ಇಂಚು ಎತ್ತರ. ಹಳೆಯದನ್ನು ಎಳೆದು ಹೊಸದನ್ನು ತಳ್ಳಿದರಾಯಿತು, ಆದರೆ ಭಾರ ಇರುತ್ತದೆ, ನೀವು ಕೈ ಕೊಡೋಕೆ ಹೋಗಬೇಡಿ. ತಂದಾಗ ಎರಡೂ ಪ್ಲೇಟ್‌ಗಳಲ್ಲಿ ವೋಲ್ಟ್ ಒಂದೇ ಇದೆಯಾ ನೋಡಿ. 230ರದ್ದು ಬೇರೆ, 265ರದ್ದು ಬೇರೆ, ಪ್ಲಗ್ ಆಕಾರವೂ ಬೇರೆ. ಹೊಂದದ ಪ್ಲಗ್ ಕತ್ತರಿಸಿ ವೈರ್ ಜೋಡಿಸೋಕೆ ಹೊರಟರೆ ಬೇಡ ಅನ್ನಿ.