ಪದಚರ್ಚೆ: ಅಂತರ್ಜಲದ ರಾಸಾಯನಿಕ ‘ಕೊಳೆಯುತ್ತದೆ’ ಎನ್ನಬಹುದೇ?

ಪ್ರಶ್ನೆ:

ಅಂತರ್ಜಲ ಶುದ್ಧೀಕರಣದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಹೀಗೊಂದು ವಾಕ್ಯ ಮಾಡಿಕೊಂಡಿದ್ದೇನೆ: “ನಿರ್ವಾತ ಸೂಕ್ಷ್ಮಾಣುಜೀವಿಗಳು ಟ್ರೈಕ್ಲೋರೋಎಥಿಲೀನನ್ನು (ಟಿಸಿಇ) ತಿಂದು ಕೊಳೆಯಿಸುತ್ತವೆ.” (ಟಿಸಿಇ ಎಂದರೆ ಜಿಡ್ಡು ತೆಗೆಯುವ ಕೈಗಾರಿಕಾ ದ್ರಾವಕ.) ‘ನಿರ್ವಾತ’, ‘ತಿಂದು’, ‘ಕೊಳೆಯಿಸು’ ಈ ಮೂರೂ ಇಲ್ಲಿ ಸಲ್ಲುತ್ತವೆಯೇ? ‘ವಿಘಟನೆ’ ಒಂದೇ ಸಾಕೇ? ಎಲೆಕ್ಟ್ರಾನ್ ಪಡೆಯುವ ವಸ್ತುವಿಗೆ ‘ಗ್ರಾಹಕ’ ಎಂದು ಬರೆದಿದ್ದೇನೆ, ಅದೂ ಸರಿಹೋಗುತ್ತಿಲ್ಲ. ತಿಳಿದವರು ಹೇಳಬೇಕು.

ಉತ್ತರ:

‘ನಿರ್ವಾತ’ ಬೇಡ. ಗಾಳಿಯನ್ನೆಲ್ಲ ಹೀರಿ ತೆಗೆದ ಜಾಗಕ್ಕೆ ಭೌತಶಾಸ್ತ್ರದಲ್ಲಿ ಆ ಪದ ನೆಲೆಯೂರಿದೆ. ಇಲ್ಲಿ ನೀರಿನಲ್ಲಿ ಸಾರಜನಕ, ಇಂಗಾಲದ ಡೈಆಕ್ಸೈಡ್, ಮೀಥೇನ್ ಎಲ್ಲವೂ ಕರಗಿರುತ್ತವೆ, ಇಲ್ಲದಿರುವುದು ಆಮ್ಲಜನಕ ಮಾತ್ರ. ನೀರಿಗೆ ‘ಆಮ್ಲಜನಕರಹಿತ’, ಜೀವಿಗೆ ‘ಅವಾಯುಜೀವಿ’ ಎಂದು ಬೇರೆಬೇರೆ ಇಟ್ಟುಕೊಳ್ಳಿ. ‘ಗ್ರಾಹಕ’ದ ಬದಲು ‘ಎಲೆಕ್ಟ್ರಾನ್ ಸ್ವೀಕಾರಿ’, ಕೊಡುವುದಕ್ಕೆ ‘ಎಲೆಕ್ಟ್ರಾನ್ ದಾನಿ’ ಎಂದರೆ ಜೋಡಿ ಹೊಂದುತ್ತದೆ.

ನಿಜವಾದ ತೊಡಕು ‘ತಿಂದು’ ಎಂಬಲ್ಲಿದೆ. ಟಿಸಿಇಯನ್ನು ಕೊನೆಯ ಹಂತದವರೆಗೆ ಒಯ್ಯಬಲ್ಲ ಡಿಹ್ಯಾಲೋಕೊಕಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಅದನ್ನು ತಿನ್ನುವುದಿಲ್ಲ, ಉಸಿರಾಡುತ್ತದೆ. ಅದರ ಎಲೆಕ್ಟ್ರಾನ್ ದಾನಿ ಹೈಡ್ರೋಜನ್. ಮೈ ಕಟ್ಟಿಕೊಳ್ಳಲು ಬೇಕಾದ ಇಂಗಾಲ ಅಸಿಟೇಟ್‌ನಿಂದ ಬರುತ್ತದೆ. ನಾವು ಆಮ್ಲಜನಕವನ್ನು ಬಳಸುವ ಜಾಗದಲ್ಲಿ ಅದು ಟಿಸಿಇಯನ್ನು ಬಳಸುತ್ತದೆ. ಒಂದು ಹೈಡ್ರೋಜನ್ ಅಣು ಖರ್ಚಾದಾಗ ಒಂದು ಕ್ಲೋರಿನ್ ಕಳಚಿ, ಅದರ ಜಾಗಕ್ಕೆ ಹೈಡ್ರೋಜನ್ ಕೂರುತ್ತದೆ. ಹೀಗೆ ಟಿಸಿಇಯಿಂದ ಸಿಸ್-ಡೈಕ್ಲೋರೋಎಥಿಲೀನ್, ಅದರಿಂದ ವಿನೈಲ್ ಕ್ಲೋರೈಡ್, ಕೊನೆಗೆ ಎಥಿಲೀನ್. ಆದ್ದರಿಂದ ಈ ಕ್ರಿಯೆಗೆ ‘ಕ್ಲೋರಿನ್ ಕಳಚುವಿಕೆ’ ಎಂಬುದೇ ನನ್ನ ಆಯ್ಕೆ. ಪಠ್ಯದ ಶೈಲಿಯೇ ಬೇಕೆಂದರೆ ‘ಅಪಕರ್ಷಕ ಕ್ಲೋರಿನ್‌ಹರಣ’ ಎನ್ನಬಹುದು.

‘ಕೊಳೆ’ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ರೋಗದ ಹೆಸರು, ಉಳಿದವರಿಗೆ ಹೊಲಸು ಅಥವಾ ಕೊಳೆತ ಪದಾರ್ಥ. ಕೊಳೆತದ್ದು ಕೊನೆಗೆ ಮಣ್ಣಾಗುತ್ತದೆ ಎಂಬ ಭರವಸೆಯೂ ಆ ಮಾತಿನೊಳಗಿದೆ. ಇಲ್ಲಿ ಆ ಭರವಸೆ ಅಪಾಯಕಾರಿ. ‘ಟಿಸಿಇ ಶೇ. 99 ವಿಘಟನೆಯಾಗಿದೆ’ ಎಂದು ವರದಿ ಬರೆದರೆ ಸುಳ್ಳಲ್ಲ, ಆದರೆ ಅದೆಲ್ಲ ವಿನೈಲ್ ಕ್ಲೋರೈಡ್ ಆಗಿ ನಿಂತಿರಬಹುದು. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾಗಿರುವ ವಸ್ತು. ಅಮೆರಿಕದ ಕುಡಿಯುವ ನೀರಿನ ಮಿತಿ ಟಿಸಿಇಗೆ ಲೀಟರಿಗೆ 5 ಮೈಕ್ರೋಗ್ರಾಂ, ವಿನೈಲ್ ಕ್ಲೋರೈಡಿಗೆ 2. ಲೀಟರಿಗೆ 1,000 ಮೈಕ್ರೋಗ್ರಾಂ ಟಿಸಿಇ ಪೂರ್ತಿ ವಿನೈಲ್ ಕ್ಲೋರೈಡ್ ಆದರೆ ಸುಮಾರು 475 ಮೈಕ್ರೋಗ್ರಾಂ ಸಿಗುತ್ತದೆ. ತೂಕ ಅರ್ಧಕ್ಕಿಂತ ಕಡಿಮೆಯಾಯಿತು, ಅಣುಗಳ ಸಂಖ್ಯೆ ಒಂದೂ ಕಡಿಮೆಯಾಗಲಿಲ್ಲ. ಹಾಗಾಗಿ ಕೋಷ್ಟಕಗಳನ್ನು ತೂಕದಲ್ಲಲ್ಲ, ಅಣುಗಳ ಎಣಿಕೆಯನ್ನು ತೋರುವ ಮೋಲ್‌ಗಳಲ್ಲಿ ಕೊಡಿ. ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವುದಕ್ಕೆ ‘ರೂಪಾಂತರ’, ಎಥಿಲೀನ್ ಮುಟ್ಟಿದಾಗ ಮಾತ್ರ ‘ನಿರ್ವಿಷೀಕರಣ’ ಎಂದು ಎರಡು ಪದಗಳನ್ನು ಕಟ್ಟುನಿಟ್ಟಾಗಿ ಬಳಸಿ. ಈ ಒಂದು ಶಿಸ್ತಿಗಾಗಿ ನಾನು ಎಷ್ಟು ಬೇಕಾದರೂ ವಾದಿಸುತ್ತೇನೆ.

ನಡುದಾರಿಯಲ್ಲಿ ನಿಲ್ಲುವುದಕ್ಕೂ ಒಂದು ಪದ ಬೇಕು. ‘ತಂಗು’ ಸೌಮ್ಯವಾಯಿತು, ‘ಸ್ಥಗಿತ’ ಸರಿ. ಡೆಲಾವೇರ್ ರಾಜ್ಯದ ಡೋವರ್ ವಾಯುನೆಲೆಯಲ್ಲಿ 1996ರಲ್ಲಿ ಶುರುವಾದ ಪ್ರಯೋಗದಲ್ಲಿ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಮ್ಲದ ಲವಣ) ಉಣಿಸಿದರೂ 269 ದಿನಗಳ ತನಕ ಕ್ರಿಯೆ ಸಿಸ್-ಡೈಕ್ಲೋರೋಎಥಿಲೀನ್‌ನಲ್ಲೇ ಸ್ಥಗಿತವಾಗಿತ್ತು. ಫ್ಲಾರಿಡಾದ ಪಿನೆಲಾಸ್‌ನಿಂದ ತಂದು ಬೆಳೆಸಿದ ಸೂಕ್ಷ್ಮಾಣುಜೀವಿಗಳನ್ನು ಸೇರಿಸಿ ಸುಮಾರು 90 ದಿನ ಕಳೆದ ಮೇಲೆ ವಿನೈಲ್ ಕ್ಲೋರೈಡ್, ಎಥಿಲೀನ್ ಕಾಣಿಸಿಕೊಂಡವು. 509ನೇ ದಿನದ ಹೊತ್ತಿಗೆ ಪೂರ್ತಿ ಎಥಿಲೀನ್ ಆಯಿತು. ಆಹಾರವಿತ್ತು, ಉಣ್ಣಬೇಕಾದ ಜೀವಿ ಇರಲಿಲ್ಲ. ‘ಜೈವಿಕ ಉತ್ತೇಜನ’ (ಆಹಾರ ಕೊಡುವುದು) ಮತ್ತು ‘ಜೀವಿ ಸೇರ್ಪಡೆ’ ಎಂಬ ಎರಡು ಪದಗಳನ್ನು ಒಂದು ಮಾಡಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಡ.

ನಿಮ್ಮ ವಾಕ್ಯ ಹೀಗಿರಲಿ: “ಆಮ್ಲಜನಕರಹಿತ ಅಂತರ್ಜಲದಲ್ಲಿ ಕೆಲವು ಅವಾಯುಜೀವಿಗಳು ಟಿಸಿಇಯನ್ನು ಉಸಿರಾಟಕ್ಕೆ ಬಳಸಿ ಅದರ ಕ್ಲೋರಿನ್‌ಗಳನ್ನು ಒಂದೊಂದಾಗಿ ಕಳಚುತ್ತವೆ.”

ಮತ್ತೊಂದು ಉತ್ತರ:

ಮೇಲಿನದನ್ನು ಒಪ್ಪುತ್ತೇನೆ, ಆದರೆ ಕೈಪಿಡಿಯಿಂದ ‘ತಿನ್ನು’ ಎಂಬುದನ್ನೇ ಅಳಿಸಿಬಿಡಬೇಡಿ. ಪೆಟ್ರೋಲಿನ ಬೆಂಜೀನ್ ವಿಷಯದಲ್ಲಿ ಅದೇ ಸರಿಯಾದ ಕ್ರಿಯಾಪದ. ಅಲ್ಲಿ ಮಾಲಿನ್ಯಕಾರಕವೇ ಎಲೆಕ್ಟ್ರಾನ್ ದಾನಿ; ಸ್ವೀಕಾರಿಯಾಗಿ ನೈಟ್ರೇಟ್, ಕಬ್ಬಿಣ, ಸಲ್ಫೇಟ್ ನಿಲ್ಲುತ್ತವೆ. ಮಿನೆಸೋಟದ ಬೆಮಿಜಿ ಬಳಿ 1979ರ ಆಗಸ್ಟ್‌ನಲ್ಲಿ ಕೊಳವೆ ಒಡೆದು ಚೆಲ್ಲಿದ ಕಚ್ಚಾತೈಲದ ಜಾಗದಲ್ಲಿ ಕಬ್ಬಿಣದ ಆಕ್ಸೈಡ್ ಬಳಸುವ ಜೀವಿಗಳು ಹೀಗೆ ಹೈಡ್ರೋಕಾರ್ಬನ್‌ಗಳನ್ನು ಉಣ್ಣುವುದನ್ನು ದಶಕಗಳಿಂದ ಅಳೆಯುತ್ತಿದ್ದಾರೆ. ಯಾವುದು ಊಟ, ಯಾವುದು ಉಸಿರು ಎಂದು ಪ್ರತಿ ಅಧ್ಯಾಯದ ಮೊದಲೇ ಹೇಳಿಬಿಡಿ. ಕೆಲಸದ ರೀತಿಯೇ ಅದರಿಂದ ಬದಲಾಗುತ್ತದೆ: ಬೆಂಜೀನ್ ಇದ್ದಲ್ಲಿ ಸ್ವೀಕಾರಿಯನ್ನು ಇಳಿಸುತ್ತೇವೆ, ಟಿಸಿಇ ಇದ್ದಲ್ಲಿ ದಾನಿಯನ್ನು.

ದಾನಿಯಾಗಿ ಸಾಮಾನ್ಯವಾಗಿ ಹಾಕುವುದು ಲ್ಯಾಕ್ಟೇಟ್, ಕಾಕಂಬಿ ಅಥವಾ ನೀರಿನಲ್ಲಿ ಸಣ್ಣ ಹನಿಗಳಾಗಿ ಬೆರೆಸಿದ ಸೋಯಾ ಎಣ್ಣೆ. ಇವು ನೇರ ದಾನಿಗಳಲ್ಲ. ಬೇರೆ ಜೀವಿಗಳು ಇವನ್ನು ಹುದುಗಿಸಿದಾಗ ಹೈಡ್ರೋಜನ್ ಹೊರಡುತ್ತದೆ. ಆ ಹಂತಕ್ಕೆ ‘ಹುದುಗುವಿಕೆ’ ಎಂಬ ಹಳೆಯ ಪದವೇ ಚೆನ್ನ. ಲ್ಯಾಕ್ಟೇಟ್ ಬೇಗ ಮುಗಿಯುತ್ತದೆ, ಎಣ್ಣೆ ವರ್ಷಗಟ್ಟಲೆ ಬರುತ್ತದೆ. ಹುದುಗಿದಾಗ ಸಾವಯವ ಆಮ್ಲಗಳೂ ಕ್ಲೋರಿನ್ ಕಳಚಿದಾಗ ಹೈಡ್ರೋಕ್ಲೋರಿಕ್ ಆಮ್ಲವೂ ಬರುವುದರಿಂದ ಪಿಎಚ್ 6ಕ್ಕಿಂತ ಕೆಳಗಿಳಿದು ವಿನೈಲ್ ಕ್ಲೋರೈಡ್ ಹಂತ ಸ್ಥಗಿತವಾಗುವುದುಂಟು. ಅದಕ್ಕೆ ಸೋಡಿಯಂ ಬೈಕಾರ್ಬನೇಟ್ ಸೇರಿಸುತ್ತಾರೆ. ನೀರಿನಲ್ಲಿ ನೈಟ್ರೇಟ್, ಸಲ್ಫೇಟ್ ಹೆಚ್ಚಿದ್ದರೆ ದಾನಿಯ ಬಹುಪಾಲನ್ನು ಅವುಗಳನ್ನು ಉಸಿರಾಡುವ ಜೀವಿಗಳೇ ಖಾಲಿ ಮಾಡುತ್ತವೆ. ರಸಗೊಬ್ಬರದ ನೈಟ್ರೇಟ್ ಇಳಿದಿರುವ ನಮ್ಮ ಬಯಲುಸೀಮೆಯ ಕೊಳವೆಬಾವಿಗಳ ಓದುಗರಿಗೆ ಈ ಸಾಲು ಮುಖ್ಯ. ದಾನಿ ಸೇರಿಸಿದಲ್ಲಿ ಮಣ್ಣಿನ ಕಬ್ಬಿಣ, ಮ್ಯಾಂಗನೀಸ್, ಕೆಲವೆಡೆ ಆರ್ಸೆನಿಕ್ ಕೂಡ ಕರಗಿ ನೀರಿಗೆ ಬರುತ್ತವೆ ಎಂಬ ಎಚ್ಚರಿಕೆಯನ್ನು ಅಡಿಟಿಪ್ಪಣಿಗೆ ತಳ್ಳದೆ ಮುಖ್ಯ ಪಠ್ಯದಲ್ಲೇ ಕೊಡಿ.

‘ಜೀವಿ ಇದೆ’ ಎಂಬ ಮಾತೂ ಅರೆಬರೆ. ಡಿಹ್ಯಾಲೋಕೊಕಾಯ್ಡಿಸ್‌ನ ಎಲ್ಲ ತಳಿಗಳೂ ವಿನೈಲ್ ಕ್ಲೋರೈಡನ್ನು ಉಸಿರಾಡಿ ಬೆಳೆಯಲಾರವು. 1997ರಲ್ಲಿ ವರದಿಯಾದ ಮೊದಲ ತಳಿ 195 ಆ ಕೊನೆಯ ಹಂತವನ್ನು ನಿಧಾನವಾಗಿ, ಅದರಿಂದ ಬೆಳವಣಿಗೆ ಪಡೆಯದೆ ಮಾಡುತ್ತದೆ. ‘ವಿಸಿಆರ್‌ಎ’ ಅಥವಾ ‘ಬಿವಿಸಿಎ’ ಜೀನ್ (ವಿನೈಲ್ ಕ್ಲೋರೈಡಿನ ಕ್ಲೋರಿನ್ ಕಳಚುವ ಕಿಣ್ವದ ಜೀನ್) ಇದೆಯೇ ಎಂದು ನೋಡಬೇಕು. ಲೀಟರಿಗೆ ಒಂದು ಕೋಟಿ ಜೀನ್ ಪ್ರತಿಗಳಿದ್ದರೆ ಉಪಯುಕ್ತ ವೇಗ ನಿರೀಕ್ಷಿಸಬಹುದು ಎಂಬುದು ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಅಳತೆ.

ಮಾದರಿ ಸಂಗ್ರಹದ ಭಾಗದಲ್ಲಿ ‘ಬಾಟಲಿ ತುಂಬಿಸಿ’ ಎಂದಷ್ಟೇ ಬರೆಯಬೇಡಿ. 40 ಮಿಲಿಲೀಟರಿನ ಸೀಸೆಯನ್ನು ಅಂಚಿನವರೆಗೆ ತುಂಬಿ, ಮುಚ್ಚಿ, ತಲೆಕೆಳಗು ಮಾಡಿ ತಟ್ಟಿದಾಗ ಗುಳ್ಳೆ ಕಾಣಬಾರದು. ಗುಳ್ಳೆಯಿದ್ದರೆ ವಿನೈಲ್ ಕ್ಲೋರೈಡ್ ಅದರೊಳಗೆ ಸೇರಿಕೊಂಡು ಪ್ರಯೋಗಾಲಯದ ಅಂಕಿ ಕಡಿಮೆ ಬರುತ್ತದೆ.