ಸ್ಲಾಟ್ ಕಾರಿಗೆ ಯಾವ ಟೈರ್? ಮಲೆನಾಡಿನಲ್ಲಿ ಓಡಿಸಿದವರು ಹೇಳಿ

ಶಿವಮೊಗ್ಗ (ಪ್ರಶ್ನೆ): ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಯಲ್ಲಿ, ಕರೆಂಟಿನಲ್ಲಿ ಓಡುವ ಆಟಿಕೆ ಕಾರು ಜಾಡು ಬಿಡದಂತೆ ಸೀಳು ಕೊರೆಸಿ ಬಣ್ಣ ಬಳಿದ ನಾಲ್ಕು ಲೇನಿನ ಟ್ರ್ಯಾಕ್ ಸಿದ್ಧವಾಗಿದೆ. ನಿಜ ಕಾರಿನ 1/32 ಅಳತೆಯ ಕಾರುಗಳು, ಅವನ್ನು ಟ್ರ್ಯಾಕಿಗೆ ಎಳೆದು ಹಿಡಿಯುವ ಮ್ಯಾಗ್ನೆಟ್ ತೆಗೆದಿದ್ದೇನೆ. ಕಾರಿನೊಂದಿಗೆ ಬಂದ ರಬ್ಬರ್ ಟೈರ್ ತಿರುವಿನಲ್ಲಿ ಜಾರುತ್ತಿದೆ. ಸಿಲಿಕೋನ್ ಹಾಕಲೇ, ಯುರೇಥೇನ್ ಹಾಕಲೇ?

ಸಾಗರ: ಸಿಲಿಕೋನ್. ಎರಡನೆಯ ಮಾತೇ ಇಲ್ಲ. ಅಮೆರಿಕದಿಂದ ತರಿಸಿದೆ, ಜೋಡಿಗೆ 650 ರೂಪಾಯಿ, ಸಾಗಣೆಗೆ 1,900, ಸುಂಕ 780. ಕೊರಿಯರ್‌ನವರು ಡಬ್ಬಿಯನ್ನು ಮಳೆಯಲ್ಲಿ ನೆನೆಸಿ ತಂದರು. ಆದರೂ ನಯವಾದ ಬಣ್ಣದ ಮೇಲೆ ಅದರ ಹಿಡಿತಕ್ಕೆ ಸಾಟಿಯಿಲ್ಲ. ನನ್ನನ್ನು ಸೋಲಿಸಿದ್ದು ಟೈರ್ ಅಲ್ಲ, ಹಲಗೆ. ತಳಭಾಗಕ್ಕೂ ಬಣ್ಣ ಬಳಿ ಎಂದರೆ ಬಡಗಿ ಕೇಳಲಿಲ್ಲ. ಆಷಾಢದಲ್ಲಿ ಕೀಲುಗಳು ಉಬ್ಬಿದವು, ಎರಡನೆಯ ಲೇನಿನ ಸೀಳು ಬಿಗಿದುಕೊಂಡಿತು, ಕಾರಿಗೆ ಕರೆಂಟ್ ಕೊಡುವ ತಾಮ್ರದ ಪಟ್ಟಿ ಎದ್ದು ಬಂತು. ಮತ್ತೆ ಉಜ್ಜಿ, ಸೀಳು ಬಿಡಿಸಿ, ಎರಡೂ ಕಡೆ ಬಣ್ಣ ಬಳಿಸಲು 3,400 ರೂಪಾಯಿ. ತಾಮ್ರದ ಪಟ್ಟಿಯ ಖರ್ಚು ಬೇರೆ.

ತೀರ್ಥಹಳ್ಳಿ: ಸಾಗರದವರು ಧೂಳಿನ ಮಾತೇ ಎತ್ತಲಿಲ್ಲ. ನಮ್ಮ ಮನೆಯಲ್ಲಿ ಅಡಿಕೆ ಸುಲಿಗೆ ಶುರುವಾದರೆ ಟ್ರ್ಯಾಕ್ ಮೇಲೆ ಸದಾ ಒಂದು ಪದರ ಕೂರುತ್ತದೆ. ಸಿಲಿಕೋನ್ ಅದನ್ನೆಲ್ಲ ಎತ್ತಿಕೊಂಡು ಎರಡು ಸುತ್ತಿನಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. ಓಟ ನಿಲ್ಲಿಸಿ ಅಂಟುಪಟ್ಟಿಯ ಮೇಲೆ ಉರುಳಿಸಬೇಕು. ನಾನು ಕೊಂಡದ್ದರಲ್ಲಿ ಒಂದು ಗುಂಡಗೇ ಇರಲಿಲ್ಲ. ರಬ್ಬರ್ ಆಗಿದ್ದರೆ ಮರಳು ಕಾಗದದ ಮೇಲೆ ತಿರುಗಿಸಿ ಸರಿಮಾಡುತ್ತಿದ್ದೆ. ಸಿಲಿಕೋನ್ ಹಾಗೆ ಸವೆಯುವುದಿಲ್ಲ. ಮಾರಿದವನು ಹಣ ಹಿಂದಿರುಗಿಸಲಿಲ್ಲ. 1,150 ರೂಪಾಯಿ ನೀರಿಗೆ ಹೋಯಿತು. ಈಗ ರಬ್ಬರಿಗೇ ಮರಳಿದ್ದೇನೆ, ನೆಮ್ಮದಿಯಾಗಿದ್ದೇನೆ.

ಕೊಪ್ಪ: ಇಬ್ಬರೂ ಹೊರದೇಶದವರ ಮಾತನ್ನು ಅವರ ಟ್ರ್ಯಾಕ್ ನೋಡದೆ ನಂಬುತ್ತೀರಿ. ಸ್ಪೇನಿನ ನಿಂಕೊ ಕಂಪನಿಯ ಟ್ರ್ಯಾಕ್ ಒರಟು, ಅದರ ಮೇಲೆ ಸಿಲಿಕೋನ್ ಬೇಗ ಹಾಳಾಗುತ್ತದೆ. ಅಮೆರಿಕದ ದೊಡ್ಡ ಮರದ ಟ್ರ್ಯಾಕ್‌ಗಳಲ್ಲಿ 1/24 ಕಾರುಗಳಿಗೆ ಸ್ಪಂಜ್ ಟೈರ್, ಟ್ರ್ಯಾಕ್‌ಗೇ ಅಂಟು ದ್ರವ. ಅದನ್ನು ನಮ್ಮ ಜಗಲಿಯ ಹಲಗೆಗೆ ಹಚ್ಚಲಾದೀತೇ? ನನ್ನ ಅಕ್ಕ ಇರುವುದು ಜರ್ಮನಿಯಲ್ಲಿ, ಸ್ಲಾಟ್ ಕಾರಿನ ಕರೇರಾ ಕಂಪನಿ ಹುಟ್ಟಿದ ಫ್ಯೂರ್ತ್ ಊರಿನ ಹತ್ತಿರ. ಅಲ್ಲಿಂದ ಯುರೇಥೇನ್ ತಂದುಕೊಟ್ಟಳು. ಒದ್ದೆ ಮರಳು ಕಾಗದದಲ್ಲಿ ಉಜ್ಜಿ ಸಮಮಾಡಿದೆ. ಧೂಳು ಕೂತರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅವಳ ಸೂಟ್‌ಕೇಸಿನಲ್ಲಿ ಬಂದದ್ದರಿಂದ ಸಾಗಣೆಯ ಖರ್ಚೂ ಇಲ್ಲ.

ಸಾಗರ: ಅಕ್ಕ ಜರ್ಮನಿಯಲ್ಲಿ ಇಲ್ಲದವರು ಏನು ಮಾಡಬೇಕು? ತೀರ್ಥಹಳ್ಳಿಯವರಿಗೆ ಒಂದು ಮಾತು: ದಸರಾ ರಜೆಯ ಓಟದಲ್ಲಿ ನೀವು ರಬ್ಬರ್ ಟೈರಿಗೆ ಎಣ್ಣೆ ಸವರಿ ನನ್ನ ಟ್ರ್ಯಾಕ್ ಮೇಲೆ ಓಡಿಸಿದಿರಿ. ರಬ್ಬರಿನ ಕಪ್ಪು, ಎಣ್ಣೆಯ ಜಿಡ್ಡು ಎರಡೂ ಸೇರಿ ಕುಳಿತವು. ಸಿಲಿಕೋನ್ ಆ ಪದರದ ಮೇಲೆ ನಿಲ್ಲುವುದಿಲ್ಲ ಎಂಬುದು ನಿಮಗೆ ಚೆನ್ನಾಗಿ ಗೊತ್ತಿತ್ತು. ಮೂರು ಲೇನ್ ತೊಳೆದು ಒಣಗಿಸುವಷ್ಟರಲ್ಲಿ ರಜೆಯೇ ಮುಗಿಯಿತು.

ತೀರ್ಥಹಳ್ಳಿ: ಹಿಂದಿನ ರಾತ್ರಿಯೇ ಹಚ್ಚಿ, ಒರೆಸಿ ತಂದ ಟೈರ್ ಅದು. ಎಣ್ಣೆ ಹಚ್ಚಿದರೆ ರಬ್ಬರ್ ಮೃದುವಾಗುತ್ತದೆ, ಹಿಡಿತ ಹೆಚ್ಚುತ್ತದೆ, ಕದ್ದುಮುಚ್ಚಿ ಮಾಡಿದ್ದಲ್ಲ. ಹಚ್ಚಬಾರದು ಎಂಬ ನಿಯಮ ಅಂದು ಇರಲಿಲ್ಲ. ಸೋತ ಮೇಲೆ ನಿಯಮ ಬರೆಯುವುದು ಯಾವ ನ್ಯಾಯ?

ಕೊಪ್ಪ: ಅಂದು ಅರ್ಧದಲ್ಲಿ ಕರೆಂಟ್ ಹೋದಾಗ ಮುಂದಿದ್ದದ್ದು ನನ್ನ ಕಾರು. ಅದನ್ನು ಇಬ್ಬರೂ ಹೇಳುವುದಿಲ್ಲ.

ಸಾಗರ: ಮ್ಯಾಗ್ನೆಟ್ ಇಟ್ಟು ಮುಂದಿದ್ದಿರಿ!

ಕೊಪ್ಪ: ತಾಮ್ರದ ಪಟ್ಟಿಯನ್ನು ಮ್ಯಾಗ್ನೆಟ್ ಎಳೆಯುತ್ತದೆಯೇ? ಅದು ಹಿಡಿಯುವುದು ಅಂಗಡಿಯಲ್ಲಿ ಸಿಗುವ ಸ್ಕೇಲೆಕ್ಸ್‌ಟ್ರಿಕ್‌ನಂಥ ಟ್ರ್ಯಾಕ್‌ಗಳ ಉಕ್ಕಿನ ಹಳಿಯನ್ನು. ನಿಮ್ಮ ಹಲಗೆಯ ಮೇಲೆ ಅದು ಬರಿಯ ಭಾರ. ಇಷ್ಟೂ ತಿಳಿಯದೆ ಆರೋಪ ಹೊರಿಸಬೇಡಿ.

ಶಿವಮೊಗ್ಗ: ನನ್ನ ಟ್ರ್ಯಾಕಿನ ತಳಕ್ಕೂ ಬಣ್ಣ ಬಳಿದಿಲ್ಲ. ಮಳೆಗಾಲಕ್ಕೆ ಮೊದಲು ಬಳಿದರೆ ಸಾಕೇ, ಈಗಲೇ ಬಳಿಯಬೇಕೇ?

ಸಾಗರ: ಈಗಲೇ. ಕೀಲುಗಳಿಗೆ ಎರಡು ಸಲ. ಓಟಕ್ಕೆ ಇವರನ್ನು ಕರೆದರೆ ಎಣ್ಣೆಯ ಬಾಟಲಿಯನ್ನು ಬಾಗಿಲಲ್ಲೇ ತೆಗೆದಿರಿಸಿಕೊಳ್ಳಿ.